ಎಡಕ್ಕೆ ಸುತ್ತಿದ ಪಟ್ಟಿ

ಶುಕ್ರವಾರ ನಿಕಾಹ್. ಮಂಗಳವಾರ ಬೆಳಿಗ್ಗೆ, ಮದುಮಗಳ ಕಣ್ಣಿಗೆ ಬೀಳಬಾರದ ವಸ್ತುವೊಂದು ಬಾನುವಿನ ಕಣ್ಣಿಗೆ ಬಿತ್ತು. ದೆವ್ವವಲ್ಲ, ಮಾಟ ಮಾಡಿ ಎಸೆದ ಗೊಂಬೆಯೂ ಅಲ್ಲ. ಹಳೇ ಅಂಬಾಸಿಡರ್ ಕಾರಿನ ರೇಡಿಯೇಟರ್ ಪೈಪು. ನಗಬೇಡಿ. ಪೂರ್ತಿ ಕೇಳಿ, ಆಮೇಲೂ ನಗು ಬಂದರೆ ಧಾರಾಳವಾಗಿ ನಗಿ.

ಎರಡು ಸಾವಿರದ ಎರಡನೇ ಇಸವಿ ಅದು. ತುಮಕೂರಿನಿಂದ ಕುಣಿಗಲ್ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ತೆಳ್ಳಗಾಗುವ ಕಡೆ, ಮುಖ್ತಾರ್ ಅಹಮದ್‌ನ ಗ್ಯಾರೇಜು. ಮುಂದೆ ತಗಡಿನ ಶೆಡ್ಡು, ಹಿಂದೆ ಮನೆ, ನಡುವೆ ಒಂದು ಗೋಣಿ ಪರದೆ. ಬಾನು ಅವನ ತಮ್ಮನ ಹೆಂಡತಿ. ತಮ್ಮ ನಯೀಮ್ ಅದೇ ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದವನು. ಆರು ವರ್ಷದ ಹಿಂದೆ, "ಕುಣಿಗಲ್‌ಗೆ ಹೋಗಿ ಒಂದು ವಾಟರ್ ಪಂಪು ತರ್ತೀನಿ" ಅಂತ ಹೋದವನು ಹೋದ. ಪಂಪೂ ಬರಲಿಲ್ಲ, ಅವನೂ ಬರಲಿಲ್ಲ.

ಹೋಗುವುದಕ್ಕೆ ಸ್ವಲ್ಪ ಮುಂಚೆ ಒಂದು ಸಂಗತಿ ನಡೆದಿತ್ತು. ಯಾವುದೋ ಜೀಪಿನ ಪೈಪು ಒಡೆದಿತ್ತು. ಹೊಸದು ಸಿಗದ ಭಾನುವಾರ, ನಯೀಮ್ ಒಡಕಿಗೆ ರಬ್ಬರ್ ಪಟ್ಟಿ ಸುತ್ತಿ ಕಳಿಸಿದ. "ನಿಧಾನ ಹೋಗಿ, ನಾಳೆ ಹೊಸದು ಹಾಕಿಸ್ಕೊಳ್ಳಿ" ಅಂತ ಹೇಳಿಯೇ ಕಳಿಸಿದ್ದ. ಡ್ರೈವರ್ ನಿಧಾನ ಹೋಗಲಿಲ್ಲ. ದಾರಿಯಲ್ಲಿ ಇಂಜಿನ್ ಕಾದು, ಅವನು ಬಾನೆಟ್ ಎತ್ತಿ ಬಗ್ಗಿದಾಗ ಪೈಪು ಹಾರಿ ಕುದಿಯುವ ನೀರು ಮುಖಕ್ಕೆ ಹೊಡೆದು ಒಂದು ಕಣ್ಣು ಹೋಯಿತು. ಯಾರೂ ನಯೀಮನನ್ನು ಬೈಯಲಿಲ್ಲ, ಆ ಡ್ರೈವರ್ ಕೂಡ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೋ ಏನೋ. ಅಂದಿನಿಂದ ನಯೀಮ್ ಊಟದ ಮುಂದೆ ಕೂತು ಎದ್ದು ಹೋಗುತ್ತಿದ್ದ, ಬಾನು ಕೇಳಿದ ಮಾತಿಗೆ ಉತ್ತರ ಕೊಡುತ್ತಿರಲಿಲ್ಲ.

ಆಮೇಲೆ ಹುಡುಕಾಟ. ಕುಣಿಗಲ್ ಕೆರೆ ಏರಿ ಮೇಲೆ ಒಬ್ಬನೇ ನಿಂತಿದ್ದ ಅಂದವರೊಬ್ಬರು, ಬೆಂಗಳೂರಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ ಅಂದವರೊಬ್ಬರು. ಬಾನು ನಾಲ್ಕು ವರ್ಷ ಕಾದಳು. ಇನ್ನು ಅವನನ್ನು ಸತ್ತವನೆಂದೇ ಎಣಿಸಬೇಕು ಅಂತ ಹಿರಿಯರು ತೀರ್ಮಾನ ಮಾಡಿದರು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟದೆ ಕೂರುವ ಇದ್ದತ್ ಅಂತ ಒಂದಿದೆ. ಅದು ಮುಗಿಯುವ ತನಕ ಇನ್ನೊಂದು ಮದುವೆ ಇಲ್ಲ. ಹೆಣವನ್ನೇ ನೋಡದೆ ಬಾನು ಅದನ್ನೂ ಕೂತಳು.

ಆಮೇಲೆ ಗುಬ್ಬಿಯ ಜಾವೇದ್‌ನ ಕಡೆಯಿಂದ ಮಾತು ಬಂತು. ಸೈಕಲ್ ಅಂಗಡಿ ಇಟ್ಟವನು, ಹೆಂಡತಿ ತೀರಿಕೊಂಡವನು, ಮಾತೆತ್ತಿದರೆ ನಗಿಸುವವನು. ಹೆಣ್ಣು ನೋಡಲು ಬಂದ ದಿನ ಗ್ಯಾರೇಜಿನ ಗ್ರೀಸಿಗೆ ಜಾರಿ ಧೊಪ್ಪನೆ ಬಿದ್ದು, "ನಿಮ್ಮನೇಗೆ ಬಿದ್ದೇ ಹೋದೆ, ಇನ್ನು ಎತ್ತೋರು ನೀವೇ" ಅಂದಿದ್ದ. ಪರದೆ ಹಿಂದೆ ನಿಂತಿದ್ದ ಬಾನು ವರ್ಷಗಳ ಮೇಲೆ ಗಟ್ಟಿಯಾಗಿ ನಕ್ಕಿದ್ದಳು. ಮೂವತ್ತು ದಾಟಿದ ಹೆಂಗಸು, ನಗುವುದನ್ನು ಮತ್ತೆ ಕಲಿತರೆ ಯಾರಪ್ಪನ ಗಂಟು ಹೋಗುತ್ತದೆ?

ಎಲ್ಲಾ ಸರಿ, ಆದರೆ ಮಸೀದಿಯ ಹಜರತ್ತರು ಒಂದು ಮಾತು ಹೇಳಿಬಿಟ್ಟಿದ್ದರು. "ನಾಳೆ ಅವನು ಬದುಕಿ ಬಂದರೆ ಈ ನಿಕಾಹ್ ನಿಲ್ಲೋದಿಲ್ಲ ತಾಯಿ. ನೀನು ಅವನವಳೇ." ಅಂದಿನಿಂದ ಬಾನುವಿಗೆ ಕಾಟ ಶುರುವಾಯಿತು. ಶೆಡ್ಡಿನಲ್ಲಿ ಯಾರಾದರೂ ಕೆಮ್ಮಿದರೆ ಅವನೇ ಕೆಮ್ಮಿದ ಹಾಗಾಗುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅವನ ಬೆನ್ನು ಕಾಣುತ್ತಿತ್ತು. ಹತ್ತಿರ ಹೋದರೆ ಬೇರೆ ಯಾರದೋ ಮುಖ. ಸತ್ತವರು ಬಂದಾರು ಅಂತ ಹೆದರುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ; ಬಾನು ಮಾತ್ರ ಅವನು ಬದುಕಿರಬಹುದು ಅಂತ ಹೆದರುತ್ತಿದ್ದಳು. ದುವಾಕ್ಕೆ ಕೈ ಎತ್ತಿದಾಗ ಏನು ಬೇಡಬೇಕೆಂದು ತೋಚದೆ ಕೈ ಇಳಿಸಿಬಿಡುತ್ತಿದ್ದಳು.

ಆ ಮಂಗಳವಾರ ಹುಲಿಯೂರುದುರ್ಗದ ಅಡವಿಯಪ್ಪನ ಬಾಡಿಗೆ ಅಂಬಾಸಿಡರ್ ಹಬೆ ಬಿಡುತ್ತಾ ಶೆಡ್ಡಿನ ಮುಂದೆ ನಿಂತಿತು. ಹಣೆ ತುಂಬ ವಿಭೂತಿ ಬಳಿದುಕೊಂಡ ಅಡವಿಯಪ್ಪ, ಮಠಕ್ಕೆ ಹೋಗುವವರನ್ನು ತುಮಕೂರಿಗೆ ಬಿಟ್ಟು ವಾಪಸು ಹೊರಟಿದ್ದ.

"ಸಾಬ್ರೇ, ನೋಡಿ ಇವ್ಳ ಕತೆ. ಬೆಳಿಗ್ಗೆಯಿಂದ ಬೀಡಿ ಸೇದ್ತಾನೇ ಅವ್ಳೆ."

"ಕ್ಯಾಪ್ ಮುಟ್ಟಬೇಡ ಕಣಯ್ಯಾ! ಮುಖ ಸುಟ್ಕೊಂಡೀಯ!" ಮುಖ್ತಾರ್ ಓಡಿಬಂದ. "ಆರ್ಲಿ ಇರು. ಅಲ್ಲೀಗಂಟ ಒಂದ್ ಟೀ ಕುಡಿ."

ಇಂಜಿನ್ ಆರಿದ ಮೇಲೆ ಮುಖ್ತಾರ್ ಕೆಳಗೆ ಬೋಗುಣಿ ಇಟ್ಟು, ರೇಡಿಯೇಟರಿನ ನಲ್ಲಿ ಬಿಚ್ಚಿ, ತುಕ್ಕಿನ ನೀರನ್ನು ಪೂರ್ತಿ ಇಳಿಸಿದ. ಸ್ಕ್ರೂಡ್ರೈವರ್ ಹಿಡಿದು ಮೇಲಿನ ಪೈಪಿನ ಕ್ಲಾಂಪು ಸಡಿಲಿಸಲು ಬಗ್ಗಿದವನು ಹಾಗೇ ನಿಂತುಬಿಟ್ಟ. ಹೊಸದಾಗಿ ತುಂಬಲು ಬಿಂದಿಗೆಯಲ್ಲಿ ನೀರು ತಂದ ಬಾನು ಪರದೆ ಸರಿಸಿದಳು.

"ಬಾನು, ಒಳಕ್ ಹೋಗು."

ಒಂದು ದಿನಕ್ಕೂ ಭಾವ ಅವಳ ಮೇಲೆ ಆ ದನಿಯಲ್ಲಿ ರೇಗಿದವನಲ್ಲ. ಹಾಗಾಗಿ ಅವಳು ಒಳಗೆ ಹೋಗಲಿಲ್ಲ, ಬಗ್ಗಿ ನೋಡಿದಳು.

ಪೈಪಿನ ಬಿರುಕಿಗೆ ಬಾರ್ ಸೋಪು ತೀಡಿ, ಮೇಲೆ ಸೀರೆಯ ಅಂಚು ಸುತ್ತಿ, ಅದರ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಕಟ್ಟಿತ್ತು. ಅಷ್ಟನ್ನು ಯಾವ ಡ್ರೈವರನಾದರೂ ಮಾಡುತ್ತಾನೆ. ಆದರೆ ಈ ಪಟ್ಟಿ ಎಡಕ್ಕೆ ಸುತ್ತಿತ್ತು, ತುದಿಯಲ್ಲಿ ಗಂಟಿರಲಿಲ್ಲ. ಕೊನೆಯ ಸುತ್ತಿನ ಕೆಳಗೆ ತೂರಿಸಿ ಬಿಗಿದಿತ್ತು. ನಯೀಮನ ಬಲಗೈ ತೋರುಬೆರಳು ಫ್ಯಾನ್ ಬೆಲ್ಟಿಗೆ ಸಿಕ್ಕಿ ಅರ್ಧ ಹೋಗಿತ್ತು. ಗಂಟು ಹಾಕಲು ಬಾರದೆ ಅವನು ಎಡಗೈಯಲ್ಲಿ ಹೀಗೆ ಸುತ್ತಿ ಹೀಗೆ ತೂರಿಸುತ್ತಿದ್ದ. "ಜಗತ್ತೆಲ್ಲಾ ಒಂದ್ ಕಡೆ, ನೀನೊಂದ್ ಕಡೆ ಸುತ್ತು" ಅಂತ ಮುಖ್ತಾರ್ ದಿನಾ ಬೈಯುತ್ತಿದ್ದ.

ಬಾನುವಿನ ಕೈಯಿಂದ ಬಿಂದಿಗೆ ಜಾರಿತು. ಸೀರೆಯೆಲ್ಲ ಒದ್ದೆಯಾದದ್ದೂ ಅವಳಿಗೆ ತಿಳಿಯಲಿಲ್ಲ.

"ಇದನ್ನ ಕಟ್ಟಿದ್ಯಾರು?" ಅಂತ ಅಡವಿಯಪ್ಪನನ್ನು ಅವಳೇ ಕೇಳಿದಳು.

"ನಂಗೇನ್ ಗೊತ್ತಮ್ಮಾ? ಹೋದ್ ವಾರ ನಮ್ಮಳಿಯ ಗಾಡಿ ತಗೊಂಡೋಗಿದ್ದ. ಕುಣಿಗಲ್ ದಾಟಿ, ದುರ್ಗದ ರೋಡ್ನಾಗೆ ಕಲ್ಲಮ್ಮನ ಹೋಟ್ಲೈತೆ, ಅಲ್ಲಿ ಕಟ್ಸಿದ್ನಂತೆ. ಯಾಕ್ರವ್ವಾ, ಏನಾಯ್ತು?"

ಹೋದ ವಾರ. ಹೋದ ವಾರ ಆ ಕೈ ಈ ಪಟ್ಟಿ ಸುತ್ತಿದೆ.

ಮುಖ್ತಾರ್ ಪೈಪಿಗೆ ಚಾಕು ಹಾಕಿದ. ಎರಡೂ ತುದಿ ರೇಡಿಯೇಟರಿನ, ಇಂಜಿನ್ನಿನ ಮೂತಿಗೆ ಅಂಟಿಕೊಂಡಿದ್ದವು; ಸೀಳಿ, ತಿರುಚಿ, ಕಿತ್ತು ತೆಗೆದ. ಮೂತಿಯ ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಬೇಕಿತ್ತು, ಮರೆತ. ಸಾಬೂನು ನೀರು ಸವರಿ ಹೊಸ ಪೈಪು ತೂರಿಸಿದ, ಕ್ಲಾಂಪನ್ನು ಮೂತಿಯ ಅಂಚಿನ ಉಬ್ಬಿದ ತುಟಿಯ ಹಿಂದಕ್ಕೆ ಕೂರಿಸುವ ಬದಲು ತುಟಿಯ ಮೇಲೇ ಕೂರಿಸಿದ. ನೀರು ಹೊಯ್ದು ಸ್ಟಾರ್ಟ್ ಮಾಡಿದರೆ ಸುರ್ ಅಂತ ಸೋರಿತು. ಆಫ್ ಮಾಡಿ, ಕಾದು, ಬಿಚ್ಚಿ, ಮೊದಲಿನಿಂದ ಶುರುಮಾಡಿದ. ಎರಡನೇ ಸಲ ಇಂಜಿನ್ ಓಡುತ್ತಿರುವಾಗ ಪೈಪನ್ನು ಮೆಲ್ಲಗೆ ಹಿಸುಕಿ ಹಿಸುಕಿ ಒಳಗಿನ ಗಾಳಿ ಬಿಡಿಸಿದ. ಗುಳ್ಳೆ ನಿಂತ ಮೇಲೆ ಕ್ಯಾಪು ಹಾಕಿದ. ಹಾಕಿದವನೇ ಕೈ ಒರೆಸಿಕೊಳ್ಳುತ್ತಾ, "ಕುಣಿಗಲ್ ಆಚೆತನಕ ನಾನೂ ಬರ್ತೀನಿ, ಕಾವು ನೋಡ್ಬೇಕು" ಅಂದ. ಅಡವಿಯಪ್ಪ ಇದನ್ನು ನಂಬಿದ.

"ನಾನೂ ಬರ್ತೀನಿ ಭಾಯ್," ಅಂದಳು ಬಾನು.

"ತಲೆ ಕೆಟ್ಟಿದೆಯಾ? ನಿಕಾಹ್ ಇಟ್ಕೊಂಡು ರೋಡ್ ರೋಡ್ ತಿರುಗ್ತೀಯಾ? ಜಾವೇದ್ ಮನೆಯೋರ ಕಿವೀಗೆ ಬಿದ್ರೆ?"

"ಅವ್ರು ಬದುಕಿದ್ರೆ ನಿಕಾಹ್ ಎಲ್ಲಿ ಭಾಯ್? ಯಾರ ಕಿವಿಗೆ ಏನ್ ಬಿದ್ರೇನು?"

ಹಿಂದಿನ ಸೀಟಿನ ಒಂದು ಬಾಗಿಲಿಗೆ ಬುರ್ಖಾ ಹಾಕಿಕೊಂಡ ಬಾನು ಆತುಕೊಂಡಳು, ಇನ್ನೊಂದು ಬಾಗಿಲಿಗೆ ಮುಖ್ತಾರ್. ನಡುವೆ ಇನ್ನೊಬ್ಬನಿಗೆ ಸಾಕಾಗುವಷ್ಟು ಜಾಗ ಖಾಲಿ. ಬಾನು ಒಂದೇ ಒಂದು ಸಲ ಆ ಕಡೆ ನೋಡಿದಳು, ಮತ್ತೆ ನೋಡಲಿಲ್ಲ. ಮುಖ್ತಾರನ ತುಟಿ ಅಲ್ಲಾಡುತ್ತಿತ್ತು. ತಮ್ಮ ಬದುಕಿರಲಿ ಅಂತ ಅವನು ಬೇಡುತ್ತಿದ್ದಾನೆ ಅಂತ ಅವಳಿಗೆ ಗೊತ್ತು; ಎತ್ತಿ ಆಡಿಸಿ ಬೆಳೆಸಿದ ತಮ್ಮ. ಅವಳ ತುಟಿಯೂ ಅಲ್ಲಾಡಿತು. ಅವಳು ಬೇಡಿದ್ದು ಬೇರೆ. ಛೀ, ಎಂಥಾ ಹೆಂಗಸು ನಾನು ಅಂತ ತನ್ನನ್ನೇ ಬೈದುಕೊಂಡಳು, ಬೈದುಕೊಂಡು ಮತ್ತೆ ಅದನ್ನೇ ಬೇಡಿದಳು.

ಅಡವಿಯಪ್ಪ ದಾರಿಯುದ್ದಕ್ಕೂ ಮಾತಾಡಿದ. ರಾಗಿ ರೇಟು, ಅಳಿಯನ ಸೋಮಾರಿತನ, ಡೀಸೆಲ್ಲು. ಕುಣಿಗಲ್ ಕೆರೆ ಏರಿ ಮೇಲೆ ಬಂದಾಗ ಮಾತ್ರ ಗಾಡಿ ನಿಲ್ಲಿಸಿ, ಬಾನೆಟ್ ಮುಟ್ಟಿ ನೋಡಿ, "ತಣ್ಗವ್ಳೆ ಸಾಬ್ರೇ, ಭೇಷ್" ಅಂದ. ನೀರಿನ ಕಡೆ ನೋಡದೆ ಬಾನು ಕಣ್ಣು ಮುಚ್ಚಿಕೊಂಡಳು. ಆರು ವರ್ಷ ಅವನನ್ನು ಮನಸ್ಸಿನಲ್ಲೇ ಈ ಕೆರೆಯ ತಳದಲ್ಲಿ ಮಲಗಿಸಿದ್ದಳು. ಈಗ ಅಲ್ಲಿಂದ ಎದ್ದು ಹೋಗಿಬಿಟ್ಟಿದ್ದಾನೆ.

ಕಲ್ಲಮ್ಮನ ಹೋಟ್ಲು ಅಂದರೆ ಒಂದು ತೆಂಗಿನ ಗರಿಯ ಚಪ್ಪರ, ಎರಡು ಬೆಂಚು, ಪಕ್ಕದಲ್ಲಿ ಹಳೇ ಟೈರುಗಳ ರಾಶಿ. ಮಧ್ಯಾಹ್ನದ ಬಿಸಿಲು. ಮುಖ್ತಾರ್ ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟ, ಹಾಗೇ ಕೂತ.

"ನೀನೇ ಹೋಗಿ ಕೇಳು ಬಾನು. ನನ್ ಕಾಲು ಬರ್ತಿಲ್ಲ."

ಬಾನು ಹೋದಳು. ಒಲೆಯ ಮುಂದೆ ಅರವತ್ತರ ಹತ್ತಿರದ ದಪ್ಪ ಹೆಂಗಸು ಬೋಂಡ ಕರಿಯುತ್ತಿದ್ದಳು. ಶೆಡ್ಡಿನಲ್ಲಿ ಎತ್ತಿಟ್ಟುಕೊಂಡಿದ್ದ ಹಳೇ ಪೈಪಿನ ತುಂಡನ್ನು ಬಾನು ಬುರ್ಖಾದ ಒಳಗಿಂದ ತೆಗೆದು ತೋರಿಸಿ, ಇದನ್ನು ಕಟ್ಟಿದವರು ಎಲ್ಲಿ ಅಂತ ಕೇಳಿದಳು.

"ನಾನೇ ಕಣವ್ವ ಕಟ್ಟಿದ್ದು. ಯಾಕೆ, ಕಿತ್ತೋಯ್ತಾ?"

"ನೀವಾ? ನಿಮಗೆ ಯಾರು ಕಲಿಸಿದ್ರು?"

ಕಲ್ಲಮ್ಮ ಜಾಲರಿ ಕೆಳಗಿಟ್ಟು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಬೆಂಚಿನ ಮೇಲೆ ಕೂರಿಸಿ, ನೀರು ಕೊಟ್ಟು ಹೇಳಿದಳು. ಆರು ವರ್ಷದ ಹಿಂದೆ ಒಬ್ಬ ಜ್ವರ ಹೊತ್ತುಕೊಂಡು ಬಂದು ಚಪ್ಪರದಲ್ಲಿ ಬಿದ್ದುಕೊಂಡ. ಗಂಜಿ ಕೊಟ್ಟಳು. ಜ್ವರ ಬಿಟ್ಟ ಮೇಲೂ ಅವನು ಹೋಗಲಿಲ್ಲ. ಹೆಸರು ಕೇಳಿದರೆ "ಮೇಸ್ತ್ರಿ ಅನ್ನಿ, ಸಾಕು" ಅಂದ. ಪಂಚರ್ ಹಾಕುತ್ತಿದ್ದ, ಪಂಪ್‌ಸೆಟ್ಟು ರಿಪೇರಿ ಮಾಡುತ್ತಿದ್ದ. ಅವನು ಪಟ್ಟಿ ಸುತ್ತುವುದನ್ನು ನೋಡಿ ನೋಡಿ ಅವಳೂ ಕಲಿತಳು.

"ಪೈಪ್‌ಗೆ ಪಟ್ಟಿ ಸುತ್ತಿದ್ನೋ, ಆ ಗಾಡೀನ ಒಂಟಿ ಬುಡ್ತಾನೇ ಇರ್ಲಿಲ್ಲ ಕಣವ್ವ. ತಾನೂ ಹತ್ಕೊಂಡು ಕುಣಿಗಲ್ ಕೆರೆಗಂಟ ಹೋಗೋನು, ನಿಧಾನ ನಿಧಾನ ಅಂತ ಡ್ರೈವರ್ ತಲೆ ತಿನ್ನೋನು. ಏರಿ ಮ್ಯಾಲೆ ಇಳ್ಕೊಂಡು ಅಷ್ಟ್ ದೂರ ನಡ್ಕೊಂಡ್ ಬರೋನು. ಯಾಕ್ಲಾ ಹಿಂಗಾಡ್ತೀಯ ಅಂದ್ರೆ ಬಾಯೇ ಬುಡ್ತಿರ್ಲಿಲ್ಲ. ಹೆಂಡ್ರು ಇದ್ಲಾ ಅಂತ ಒಂದ್ ದಪ ಕೇಳ್ದೆ. ಇದ್ಲು ಅಂದ. ಸತ್ತೋದ್ಲಾ ಅಂದೆ. ಇಲ್ಲ, ನಾನ್ ಸತ್ತೋದೆ ಅಂದ."

"ಈಗ ಎಲ್ಲವ್ರೆ?" ಅಂತ ಬಾನು ಕೇಳಿದಳು.

"ಹೋಗ್ಬುಟ್ಟ ಕಣವ್ವ. ಎದೆ ನೋವು ಅಂದ, ಅದೇ ಬೆಂಚ್ ಮ್ಯಾಲೆ ಕೂತ, ಹೋಗ್ಬುಟ್ಟ."

"ಶುಕರ್," ಅಂದಳು ಬಾನು.

ಬಾಯಿಂದ ಬಂದೇಬಿಟ್ಟಿತು. ಗಂಡ ಸತ್ತ ಸುದ್ದಿ ಕೇಳಿ ದೇವರಿಗೆ ಕೃತಜ್ಞತೆ! ಬಾಯಿಗೆ ಕೈ ಅಡ್ಡ ಹಿಡಿದಳು, ಬೆಂಚಿನಿಂದ ಎದ್ದು ನಿಂತಳು, ಅವನು ಕೂತಿದ್ದ ಬೆಂಚು ಇದೇ ಅಂತ ಆಗ ಹೊಳೆಯಿತು. ಕಣ್ಣೀರು ಇಷ್ಟು ಹೊತ್ತು ಎಲ್ಲಿತ್ತೋ, ದಳದಳ ಇಳಿಯಿತು. ಕಲ್ಲಮ್ಮನಿಗೆ ಅರ್ಥವಾಯಿತು, ಅವಳೂ ಸೆರಗು ಕಣ್ಣಿಗೆ ಒತ್ತಿಕೊಂಡಳು.

"ನೀನೇನಾ ಅವ್ಳು? ಅಯ್ಯೋ ಶಿವನೇ. ತಪ್ಪಾಗೋಯ್ತು ಕಣವ್ವ ನಮ್ಮಿಂದ. ಯಾವ ಜನ ಅಂತ ಅವನು ಬಾಯೇ ಬುಟ್ಟಿರ್ಲಿಲ್ಲ. ಮೈ ತೊಳೆಯೋ ಹೊತ್ನಾಗೆ ಗೊತ್ತಾಯ್ತು ನಿಮ್ಮೋನು ಅಂತ. ಅಷ್ಟೊತ್ತಿಗೆ ನಮ್ ಅಳತೇಗೆ ಗುಣಿ ತೋಡಾಗಿತ್ತು. ನಮ್ಮೋರಂಗೇ ಕೂರ್ಸಿ, ವಿಭೂತಿ ಇಟ್ಟು ಮಣ್ ಮಾಡ್ಬುಟ್ವಿ."

"ಯಾವಾಗ?" ಅಂದಳು ಬಾನು. ಅಳುವಿನ ನಡುವೆ ಏನೋ ಒಂದು ಕೇಳಬೇಕಲ್ಲ ಅಂತ ಕೇಳಿದ್ದು.

"ಇನ್ನೂ ತಿಂಗ್ಳಾಗಿಲ್ಲ. ಹೋದ ಅಮಾಸೆ ಮಾರ್ನೇ ದಿನ."

ಬಾನು ಅಳು ನಿಲ್ಲಿಸಿದಳು. ತಿಂಗಳಾಗಿಲ್ಲ. ಹಾಗಾದರೆ ಆ ನಾಲ್ಕು ತಿಂಗಳು ಹತ್ತು ದಿನ ಕೂತದ್ದು ಬದುಕಿದ್ದವನಿಗೆ. ನಿಜವಾದ ಇದ್ದತ್ ಈಗ ನಡೆಯುತ್ತಿದೆ, ಅವಳಿಗೆ ತಿಳಿಯದೆಯೇ ನಡೆಯುತ್ತಿದೆ, ಅದರ ನಡುವೆ ಶುಕ್ರವಾರ ಕೂತಿದೆ. ದಾವತ್ತಿನ ಊಟಕ್ಕೆ ಹೇಳಿಯಾಗಿದೆ. ಜಾವೇದನ ಮನೆಯವರು ಮೊದಲೇ, ಗಂಡ ಎಲ್ಲೋ ಇರಬಹುದಾದ ಹೆಂಗಸು ಯಾಕಪ್ಪಾ ಅಂತ ಮೂಗು ಮುರಿದಿದ್ದವರು. ಇನ್ನು ಕಾಯಿರಿ ಅಂದರೆ ಬೇರೆ ಹೆಣ್ಣು ನೋಡುತ್ತಾರೆ. ಆ ನಗು ಹೋಗುತ್ತದೆ. ಸತ್ತು ಕೂಡ ಅಡ್ಡ ಬಂದನಲ್ಲ ಈ ಮನುಷ್ಯ!

ಕಾರಿನ ಹತ್ತಿರ ಬಂದಾಗ ಮುಖ್ತಾರ್ ಅವಳ ಮುಖವನ್ನೇ ನೋಡುತ್ತಿದ್ದ.

"ಇದಾನಾ?"

"ಇಲ್ಲ ಭಾಯ್. ಹೋಗ್ಬಿಟ್ರು."

"ಯಾವಾಗ?"

"ಬಂದ ವರ್ಷಾನೇ. ಜ್ವರ ಬಂದು." ಅವಳಿಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ ಬಂತು ಸುಳ್ಳು. "ಕಟ್ಟೋದನ್ನ ಆ ಅಮ್ಮ ಕಲ್ತ್ಕೊಂಡಿದ್ರಂತೆ."

ಮುಖ್ತಾರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅತ್ತು, ಒರೆಸಿಕೊಂಡು, "ನಮ್ಮನ್ನ ಬಿಟ್ಟು ಓಡಿಹೋಗಿ ಸುಖವಾಗಿದಾನೆ ಅಂತ ಬೈಕೋತಿದ್ದೆ. ಪಾಪ, ಬರೋಕೇ ಆಗ್ಲಿಲ್ಲ ಅವನಿಗೆ" ಅಂದ. ಬಾನು ನೆಲ ನೋಡಿದಳು. ಸುಳ್ಳು ಇಷ್ಟು ಒಳ್ಳೇದು ಮಾಡುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವನು ಟೋಪಿ ಸರಿಮಾಡಿಕೊಂಡು ಎದ್ದ. "ಎಲ್ಲಿ ಮಣ್ಣು ಮಾಡವ್ರೆ? ಫಾತಿಹಾ ಓದ್ಬೇಕು."

"ಬೇಡ ಭಾಯ್, ಇನ್ನೊಂದಿನ ಬರೋಣ..."

ಅವನು ಕೇಳಿಸಿಕೊಳ್ಳಲಿಲ್ಲ. ಗಿರಾಕಿಗೆ ಟೀ ಸೋಸುತ್ತಿದ್ದ ಕಲ್ಲಮ್ಮ, ಹಿಂದಿನ ಹೊಲದ ಹೊಂಗೆ ಮರದ ಕಡೆ ಕೈ ತೋರಿಸಿದಳು. ಮುಖ್ತಾರ್ ಬೇಗ ಬೇಗ ನಡೆದ, ಬಾನು ಹಿಂದೆ ಓಡಿದಳು.

ಮರದ ಕೆಳಗೆ ಚೌಕಾಕಾರದ ಮಣ್ಣಿನ ದಿಬ್ಬ. ಕೆಂಪು ಮಣ್ಣು, ಹೆಂಟೆಗಳು ಇನ್ನೂ ಒಡೆದಿರಲಿಲ್ಲ. ಒಂದು ಹುಲ್ಲಿನ ಎಳೆ ಮೂಡಿರಲಿಲ್ಲ. ಒಣಗಿದ ಚೆಂಡುಹೂವಿನ ಹಾರ, ಒಡೆದ ತೆಂಗಿನಕಾಯಿಯ ಚಿಪ್ಪು, ಹಳದಿ ಇನ್ನೂ ಪೂರ್ತಿ ಹೋಗದ ನಿಂಬೆಹಣ್ಣು. ಮುಖ್ತಾರ್ ಫಾತಿಹಾಕ್ಕೆ ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ಆರು ಮಳೆಗಾಲ ನೋಡಿದ ಮಣ್ಣು ಯಾವುದು, ಒಂದು ಹನಿಯನ್ನೂ ನೋಡದ ಮಣ್ಣು ಯಾವುದು ಅಂತ ತಿಳಿಯದ ಮನುಷ್ಯ ಇದ್ದಾನೆಯೇ? ಅವನು ತಿರುಗಿ ಬಾನುವನ್ನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ತಪ್ಪಿಸಲು ಶಕ್ತಿ ಇರಲಿಲ್ಲ.

ಮುಖ್ತಾರ್ ಮತ್ತೆ ದಿಬ್ಬದ ಕಡೆ ತಿರುಗಿದ. ಫಾತಿಹಾ ಪೂರ್ತಿ ಓದಿದ, ಮುಖ ಸವರಿಕೊಂಡ. ಆಮೇಲೆ ಮಂಡಿಯೂರಿ ಕೂತು ಹಾರವನ್ನೂ ಚಿಪ್ಪನ್ನೂ ಎತ್ತಿ ಬೇಲಿಯಾಚೆ ಎಸೆದ. ಮಣ್ಣಿನ ಹೆಂಟೆಗಳನ್ನು ಒಂದೊಂದಾಗಿ ಅಂಗೈಯಲ್ಲಿ ಪುಡಿಮಾಡಿದ. ತಮ್ಮನ ಗೋರಿಯನ್ನು ತಟ್ಟಿ ತಟ್ಟಿ ತಗ್ಗಿಸತೊಡಗಿದ, ಮರದ ಬುಡದ ಒಣ ಎಲೆ ಬಾಚಿ ತಂದು ಮೇಲೆ ಹರಡತೊಡಗಿದ.

"ಹಳೇ ಮಣ್ಣು ಇದು," ಅಂದ, ತಲೆ ಎತ್ತದೆ. "ನಾನೇ ಕಣ್ಣಾರೆ ನೋಡ್ದೆ ಅಂತ ಹೇಳ್ತೀನಿ. ಗುಬ್ಬಿಯೋರು ಕೇಳಿದ್ರೂ ಅದೇ, ಹಜರತ್ ಕೇಳಿದ್ರೂ ಅದೇ. ಶುಕ್ರವಾರ ನಡೀಲಿ." ಹೇಳುತ್ತಾ ಹೇಳುತ್ತಾ ಮಣ್ಣು ತಟ್ಟುತ್ತಲೇ ಇದ್ದ. ಬೆಳಗಿನಿಂದ ದಾರಿಯುದ್ದಕ್ಕೂ ತಮ್ಮನ ಜೀವ ಬೇಡಿಕೊಂಡವನು ಈಗ ಅವನನ್ನು ಆರು ವರ್ಷ ಹಿಂದಕ್ಕೆ ಹೂಳುತ್ತಿದ್ದ.

ಬಾನು ನೋಡುತ್ತಾ ನಿಂತಳು. ಅವಳಿಗೆ ಬೇಕಾದದ್ದು ಸಿಕ್ಕಿಬಿಟ್ಟಿತ್ತು. ಸುಮ್ಮನಿದ್ದರೆ ಸಾಕು. ಆದರೆ ಅವಳಿಗೆ ಗುಬ್ಬಿಯ ಮನೆ ಕಂಡಿತು, ಜಾವೇದ್ ಏನೋ ಹೇಳಿ ನಗಿಸುವುದು ಕಂಡಿತು, ಹೊರಗೆ ಯಾರೋ ಕೆಮ್ಮಿದ ಸದ್ದಿಗೆ ತಾನು ನಗು ನಿಲ್ಲಿಸಿ ಬಾಗಿಲ ಕಡೆ ನೋಡುವುದೂ ಕಂಡಿತು. ಇನ್ನೂ ಎಷ್ಟು ವರ್ಷ? ಅವಳು ಕೂತು ಭಾವನ ಎರಡೂ ಮಣಿಕಟ್ಟು ಹಿಡಿದುಕೊಂಡಳು.

"ಸಾಕು ಭಾಯ್. ಬಿಡಿ."

"ಇದ್ದತ್ ಮುಗಿಯೋ ತನಕ ಜಾವೇದ್ ಕಾಯ್ದೇ ಹೋದ್ರೆ? ಯೋಚನೆ ಮಾಡು ಬಾನು."

"ಹೋದ್ರೆ ಹೋಗ್ಲಿ. ನಾನೇ ಹೇಳ್ತೀನಿ ಅವ್ರಿಗೆ. ಇವ್ರನ್ನ ಕಟ್ಕೊಂಡು ನಾನು ಇನ್ನೊಬ್ರ ಮನೆಗೆ ಹೋಗಲ್ಲ."

ಮುಖ್ತಾರ್ ಮಣ್ಣಾದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಾ ಕೂತ. ರಸ್ತೆಯಲ್ಲಿ ಅಡವಿಯಪ್ಪ ಹಾರ್ನ್ ಹೊಡೆಯುತ್ತಿದ್ದ. ಬಾನು ದಿಬ್ಬದ ಕಡೆ ತಿರುಗಿದಳು. ಆರು ವರ್ಷದಲ್ಲಿ ಗಂಡನ ಜೊತೆ ಅವಳು ಆಡಿದ ಮೊದಲ ಮಾತು ಅದು. ಮನೆಯಲ್ಲಿ ಸಿಟ್ಟು ಬಂದಾಗ ಆಡುತ್ತಿದ್ದ ದನಿಯಲ್ಲೇ ಆಡಿದಳು.

"ಕೇಳಿಸ್ತೇನ್ರೀ? ಉಳಿದಿರೋ ದಿನ ಕೂರ್ತೀನಿ. ಪೂರ್ತಿ ಕೂರ್ತೀನಿ. ಆಮೇಲೆ ಬರಬೇಡಿ."